ಜಾಬನ್ನ ವೈಸ್ ಹಿಡ್ಕೊಳ್ಳುತ್ತೆ, ವೈಸನ್ನ ಯಾರು ಹಿಡ್ಕೋಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಷೀನ್ ಶಾಪಲ್ಲಿ ಯಾರದ್ದಾದ್ರೂ ಬೆರಳು ಹೋಯ್ತು, ಮುಂಗೈ ಮುರೀತು ಅಂದ್ರೆ ಪೇಪರಲ್ಲಿ ಅದೊಂದು ಪುಟ್ಟ ಸುದ್ದಿ. ಯಂತ್ರಕ್ಕೆ ಕೈ ಸಿಕ್ಕಿ ಗಾಯ, ನಿರ್ಲಕ್ಷ್ಯ ಕಾರಣ ಅಂತ ಹೇಳಿದ್ರೆ ಮುಗೀತು. ಯಾವ ಮಷೀನು, ಏನು ಕೆಲಸ ನಡೀತಿತ್ತು, ಜಾಬನ್ನ, ಅಂದ್ರೆ ಕೆಲಸ ಮಾಡ್ತಿರೋ ಲೋಹದ ತುಂಡನ್ನ, ಯಾವುದರಲ್ಲಿ ಹೇಗೆ ಹಿಡಿದಿದ್ರು ಅನ್ನೋದು ಎಲ್ಲೂ ಬರೋದೇ ಇಲ್ಲ. ಎಷ್ಟೋ ವರ್ಷ ಮಷೀನ್ ಮುಂದೆ ನಿಂತು ಈಗ ಹೊಸ ಹುಡುಗರಿಗೆ ಕೆಲಸ ಹೇಳ್ಕೊಡ್ತಿರೋ ನನಗೆ ಈ ನಿರ್ಲಕ್ಷ್ಯ ಅನ್ನೋ ಮಾತು ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಇಂಥ ಪೆಟ್ಟುಗಳಲ್ಲಿ ಎಷ್ಟೋ ಪೆಟ್ಟು ಸ್ವಿಚ್ ಒತ್ತೋಕೆ ಮುಂಚೇನೇ ನಿಶ್ಚಯ ಆಗಿರುತ್ತೆ, ವೈಸನ್ನ, ಅಂದ್ರೆ ಸ್ಕ್ರೂ ತಿರುಗಿಸಿ ಜಾಬನ್ನ ಬಿಗಿದು ಹಿಡಿಯೋ ಸಾಧನವನ್ನ, ಮಷೀನ್ ಟೇಬಲ್ ಮೇಲೆ ಬಿಡಿಯಾಗಿ ಇಟ್ಟಾಗಲೇ ಅಥವಾ ಅದರ ಜಾ (ಹಿಡಿಯೋ ದವಡೆ) ಮಧ್ಯೆ ಜಾಬನ್ನ ಅರ್ಧಂಬರ್ಧ ಸಿಕ್ಕಿಸಿದಾಗಲೇ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ಮೊದಲು ಡ್ರಿಲ್ಲಿಂಗ್ ಮಷೀನ್ ವಿಷಯ. ಇದನ್ನ ಎಲ್ಲರೂ ಸಾಧು ಮಷೀನ್ ಅಂದ್ಕೊಂಡುಬಿಟ್ಟಿದ್ದಾರೆ. ಲೇತ್ ಹತ್ರ ಬಿಡದ, ಮಿಲ್ಲಿಂಗ್ ಮುಟ್ಟೋಕೆ ಬಿಡದ ಹೊಸ ಹುಡುಗನನ್ನೂ ಮೊದಲನೇ ದಿನವೇ "ಹೋಗಪ್ಪಾ, ಇದಕ್ಕೆ ಎರಡು ತೂತು ಹೊಡ್ಕೊಂಡು ಬಾ" ಅಂತ ಡ್ರಿಲ್ಲಿಗೆ ಕಳಿಸ್ತಾರೆ. ಅಲ್ಲಿ ಟೇಬಲ್ ಮೇಲೆ ಒಂದು ಸಣ್ಣ ವೈಸ್ ಸುಮ್ನೆ ಕೂತಿರುತ್ತೆ, ಯಾವ ಬೋಲ್ಟೂ ಇಲ್ಲ, ಹುಡುಗ ಜಾಬನ್ನ ಅದರಲ್ಲಿ ಟೈಟ್ ಮಾಡ್ತಾನೆ, ಎಡಗೈಲಿ ವೈಸನ್ನ ಅದುಮಿ ಹಿಡ್ಕೊಂಡು ಬಲಗೈಲಿ ಡ್ರಿಲ್ಲನ್ನ ಕೆಳಗಿಳಿಸೋ ಫೀಡ್ ಹ್ಯಾಂಡಲ್ ಎಳೀತಾನೆ. ತೂತು ಮುಕ್ಕಾಲು ಭಾಗ ಆಗೋವರೆಗೂ ಏನೂ ಆಗಲ್ಲ, ಚಿಪ್ಸ್, ಅಂದ್ರೆ ಲೋಹದ ಸಿಪ್ಪೆ, ಚೆನ್ನಾಗಿ ಸುರುಳಿ ಸುರುಳಿಯಾಗಿ ಬರ್ತಿರುತ್ತೆ, ಕೈಗೂ ಧೈರ್ಯ ಬಂದಿರುತ್ತೆ. ಅಪಾಯ ಇರೋದು ಡ್ರಿಲ್ ಆಚೆ ಬದಿ ಒಡ್ಕೊಂಡು ಹೋಗೋ ಆ ಕ್ಷಣದಲ್ಲಿ.

ಅಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳ್ತೀನಿ. ಡ್ರಿಲ್ಲಿನ ತುದಿಯ ನಟ್ಟನಡುವೆ ಚಿಸೆಲ್ ಎಡ್ಜ್ ಅಂತ ಒಂದು ಸಣ್ಣ ಮೊಂಡು ಗೆರೆ ಇರುತ್ತಲ್ಲ, ಅದು ಲೋಹವನ್ನ ಸರಿಯಾಗಿ ಕತ್ತರಿಸಲ್ಲ, ಹಿಸುಕಿ ಪಕ್ಕಕ್ಕೆ ತಳ್ಳುತ್ತೆ, ನಾವು ಕೈಲಿ ಒತ್ತೋ ಬಲದಲ್ಲಿ ದೊಡ್ಡ ಪಾಲು ಅದಕ್ಕೇ ಖರ್ಚಾಗುತ್ತೆ. ಆ ತುದಿ ತಳ ದಾಟಿ ಆಚೆ ಬಂತು ಅಂದ್ರೆ ತಡೆ ಒಮ್ಮೆಲೇ ಇಲ್ಲವಾಗುತ್ತೆ, ಆದ್ರೆ ಕೈ ಇನ್ನೂ ಅದೇ ಜೋರಲ್ಲಿ ಎಳೀತಿರುತ್ತೆ, ಡ್ರಿಲ್ ಹಿಡಿದು ತಿರುಗಿಸೋ ಸ್ಪಿಂಡಲ್ ದಡಕ್ಕನೆ ಕೆಳಗಿಳಿಯುತ್ತೆ, ತೂತಿನ ಸುತ್ತ ಉಳಿದಿರೋ ತೆಳು ಅಂಚನ್ನ ಡ್ರಿಲ್ಲಿನ ಎರಡೂ ಕಟಿಂಗ್ ಎಡ್ಜ್ ಕಚ್ಚಿ ಹಿಡ್ಕೊಂಡುಬಿಡುತ್ತೆ. ಆಮೇಲೆ ಡ್ರಿಲ್ಲಿನ ಸುರುಳಿ ಸ್ಕ್ರೂ ಕೆಲಸ ಮಾಡುತ್ತೆ, ಜಾಬನ್ನ ಮೇಲಕ್ಕೆ ಎಳ್ಕೊಳ್ಳುತ್ತೆ, ವೈಸ್ ಟೇಬಲ್ ಬಿಟ್ಟು ಎದ್ದೇಳುತ್ತೆ, ಜಾಬೂ ವೈಸೂ ಎರಡೂ ಸೇರಿ ಡ್ರಿಲ್ ಜೊತೆ ಗಿರ್ರಂತ ತಿರುಗೋಕೆ ಶುರು.

ಗಟ್ಟಿಯಾಗಿ ಹಿಡ್ಕೊಂಡಿದ್ರೆ ಏನಾಗಲ್ಲ ಅನ್ನೋರಿಗೆ ಒಂದು ಲೆಕ್ಕ ಹೇಳ್ತೀನಿ ಕೇಳಿ. ಸ್ಪಿಂಡಲ್ ನಿಮಿಷಕ್ಕೆ 300 ಸುತ್ತು ತಿರುಗ್ತಿದೆ ಅಂತಿಟ್ಕೊಳ್ಳಿ, ಅದು ನಿಧಾನದ ಸ್ಪೀಡೇ, ಅಂದ್ರೆ ಸೆಕೆಂಡಿಗೆ 5 ಸುತ್ತು, ಒಂದು ಸುತ್ತಿಗೆ 0.2 ಸೆಕೆಂಡ್. ಕಣ್ಣು ನೋಡಿ ಮೆದುಳು ತಿಳ್ಕೊಂಡು ಕೈಗೆ ಹೇಳಿ ಕೈ ಅಲ್ಲಾಡೋಕೆ ಮನುಷ್ಯನಿಗೆ ಬೇಕಾಗೋದೂ ಹತ್ತಿರಹತ್ತಿರ ಅಷ್ಟೇ ಹೊತ್ತು. ನೀವು ಕೈ ತೆಗೀಬೇಕು ಅಂದ್ಕೊಳ್ಳೋ ಹೊತ್ತಿಗೆ ವೈಸ್ ಒಂದು ಪೂರ್ತಿ ಸುತ್ತು ಹಾಕಿ ಬಂದಾಗಿರುತ್ತೆ. ಇನ್ನು ಬಲದ ಲೆಕ್ಕ. 1 ಎಚ್‌ಪಿ ಮೋಟರ್ 300 ಸುತ್ತಲ್ಲಿ ಕೊಡೋ ತಿರುಚು ಬಲ ಸುಮಾರು 24 ನ್ಯೂಟನ್ ಮೀಟರ್, ಸ್ಪಿಂಡಲ್ ಮಧ್ಯದಿಂದ 5 ಸೆಂಟಿಮೀಟರ್ ದೂರದಲ್ಲಿ ಕೈ ಇದ್ರೆ ಅದು ಹತ್ತಿರಹತ್ತಿರ 48 ಕೆಜಿ ಭಾರ, 15 ಸೆಂಟಿಮೀಟರ್ ದೂರದಲ್ಲಿ ಹಿಡಿದಿದ್ರೂ 16 ಕೆಜಿ. ಹದಿನಾರೇ ತಾನೇ ಅನ್ನಬೇಡಿ, ಇದು ನಿಧಾನಕ್ಕೆ ಬರೋ ಭಾರ ಅಲ್ಲ, ಜೋರಾಗಿ ತಿರುಗ್ತಿದ್ದ ಪುಲ್ಲಿ ಸ್ಪಿಂಡಲ್ ಎಲ್ಲದರ ವೇಗವೂ ಸೇರಿ ಒಂದೇ ಏಟಿಗೆ ಬರುತ್ತೆ, ಅದೂ ಚೂಪು ಮೂಲೆ ಇರೋ ಕಬ್ಬಿಣದ ರೂಪದಲ್ಲಿ.

ಇದಕ್ಕೆ ಪರಿಹಾರ ಏನು ದೊಡ್ಡದಲ್ಲ. ವೈಸನ್ನ ಟೇಬಲ್ಲಿಗೆ ಬೋಲ್ಟ್ ಮಾಡಿ. ಟೇಬಲಲ್ಲಿ ಟಿ-ಸ್ಲಾಟ್, ಅಂದ್ರೆ ಟಿ ಆಕಾರದ ತೋಡು ಇದ್ರೆ ಅದಕ್ಕೆ ಕೂರೋ ಟಿ-ಬೋಲ್ಟ್, ಟೇಬಲ್ ತೂರಿ ಹೋಗೋ ಸ್ಲಾಟ್ ಇದ್ರೆ ಕೆಳಗಿಂದ ಬೋಲ್ಟ್ ತೂರಿಸಿ ದಪ್ಪ ವಾಷರ್, ಎರಡೂ ಆಗಲ್ಲ ಅಂದ್ರೆ ಸಿ-ಕ್ಲ್ಯಾಂಪ್. ಆದ್ರೆ ಇದನ್ನ ಹೇಳಿದ ತಕ್ಷಣ ಹಳೇ ಕೈಗಳು ಒಂದು ತಕರಾರು ತೆಗೀತಾರೆ, ಆ ತಕರಾರಲ್ಲಿ ಅರ್ಥ ಇದೆ, ವೈಸ್ ಬಿಡಿಯಾಗಿದ್ರೆ ಡ್ರಿಲ್ ತಾನೇ ಪಂಚ್ ಮಾರ್ಕಿಗೆ, ಅಂದ್ರೆ ತೂತಿನ ಜಾಗ ಗುರುತಿಸಿ ಹೊಡೆದ ಗುಳಿಗೆ, ಬಂದು ಕೂರುತ್ತೆ, ಬೋಲ್ಟ್ ಮಾಡಿದ್ರೆ ಸೆಂಟರ್ ತಪ್ಪಿ ಡ್ರಿಲ್ ಬಾಗುತ್ತೆ ಅಂತ. ಸರಿ, ಹಾಗಿದ್ರೆ ಹೀಗೆ ಮಾಡಿ. ಬೋಲ್ಟನ್ನ ಸಡಿಲವಾಗಿ ಕೂರಿಸಿ, ಮಷೀನ್ ಆಫ್ ಇರೋವಾಗಲೇ ಡ್ರಿಲ್ ತುದಿಯನ್ನ ಇಳಿಸಿ ಪಂಚ್ ಗುಳಿಗೆ ಕೂರಿಸಿ, ವೈಸ್ ತಾನೇ ಸ್ವಲ್ಪ ಸರಿದು ಜಾಗ ಹಿಡಿಯುತ್ತೆ, ಡ್ರಿಲ್ ಅಲ್ಲೇ ಒತ್ತಿ ಹಿಡ್ಕೊಂಡು ಬೋಲ್ಟ್ ಟೈಟ್ ಮಾಡಿ, ಆಮೇಲೆ ಸ್ವಿಚ್. ಕೈ ಪಳಗಿದ್ರೆ ಅರ್ಧ ನಿಮಿಷದ ಕೆಲಸ. ಒಂದೇ ಥರದ ತೂತು ನೂರಾರು ಇದ್ರೆ ಅದಕ್ಕೆ ಜಿಗ್, ಅಂದ್ರೆ ಜಾಬನ್ನ ಹಿಡಿದು ಡ್ರಿಲ್ಲಿಗೆ ದಾರಿ ತೋರಿಸೋ ಚೌಕಟ್ಟು, ಮಾಡ್ಕೋಬೇಕು, ಅಲ್ಲಿ ಕೈಲಿ ಹಿಡಿಯೋ ಮಾತೇ ಬರಬಾರದು.

ಎರಡನೇದು ಸ್ಟಾಪರ್. ಟೇಬಲ್ ಮೇಲೆ ಸ್ಪಿಂಡಲ್ಲಿನ ಎಡಗಡೆ ಒಂದು ಬೋಲ್ಟನ್ನ ನೆಟ್ಟಗೆ ಗಟ್ಟಿಯಾಗಿ ನಿಲ್ಲಿಸಿ, ವೈಸಿನ ಉದ್ದ ಬದಿ ಅಥವಾ ಜಾಬಿನ ಉದ್ದ ತುದಿ ಎಡಗಡೆ ಬರೋ ಹಾಗೆ, ಅದರ ಹಿಂದೆ ಈ ಬೋಲ್ಟ್ ಇರೋ ಹಾಗೆ ಇಡಿ. ಎಡಗಡೆನೇ ಯಾಕೆ ಅಂದ್ರೆ ಮೇಲಿಂದ ನೋಡಿದ್ರೆ ಡ್ರಿಲ್ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ತಿರುಗುತ್ತೆ, ಕಚ್ಕೊಂಡ್ರೆ ಎಡಗಡೆ ತುದಿ ನಮ್ಮಿಂದ ದೂರಕ್ಕೆ ಮಷೀನಿನ ಕಂಬದ ಕಡೆ ಹೋಗುತ್ತೆ, ಸ್ಟಾಪರಿಗೋ ಕಂಬಕ್ಕೋ ತಾಗಿ ನಿಲ್ಲುತ್ತೆ. ಅದೇ ಉದ್ದ ತುದಿ ಬಲಗಡೆ ಇದ್ರೆ ಅದು ಬರೋದು ನೇರ ನಮ್ಮ ಹೊಟ್ಟೆ ಕಡೆಗೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೇ ಉದ್ದ ಕಬ್ಬಿಣದ ಪಟ್ಟಿಯನ್ನ ಬಲಗೈ ಕಡೆ ಚಾಚಿ ಇಟ್ಕೊಂಡು ತೂತು ಹೊಡೆಯೋರನ್ನ ನಾನು ಈಗಲೂ ನೋಡ್ತಿರ್ತೀನಿ. 5-6 ಎಂಎಂ ಒಳಗಿನ ಡ್ರಿಲ್ಲಿಗೆ ಭಾರದ ವೈಸ್ ಇದ್ರೆ ಕೈಲಿ ಹಿಡೀಬಹುದು ಅಂತ ಅನೇಕರು ಹೇಳ್ತಾರೆ, ನಡ್ಕೊಂಡೂ ಬಂದಿದೆ, ಆದ್ರೆ ಸ್ಟಾಪರ್ ಇಲ್ಲದೇ ಅದಕ್ಕೂ ನಾನು ಒಪ್ಪಲ್ಲ.

ಹಿತ್ತಾಳೆ ಮತ್ತೆ ತೆಳು ಶೀಟು ಇವೆರಡಕ್ಕೆ ಇನ್ನೂ ಜಾಸ್ತಿ ಹುಷಾರು ಬೇಕು. ಹಿತ್ತಾಳೆ ಮೆತ್ತಗೆ ಕತ್ತರಿಸುತ್ತೆ ಅಂತ ಮೋಸ ಹೋಗ್ತಾರೆ, ಸ್ಟೀಲಿಗೆ ತಕ್ಕ ಹಾಗೆ ಸಾಣೆ ಹಿಡಿದಿರೋ ಮಾಮೂಲಿ ಡ್ರಿಲ್ ಹಿತ್ತಾಳೇಲಿ ತಾನೇ ತಾನಾಗಿ ಒಳಗೆ ಎಳ್ಕೊಂಡು ಹೋಗುತ್ತೆ, ಕಟಿಂಗ್ ಎಡ್ಜನ್ನ ಸಾಣೆ ಕಲ್ಲಲ್ಲಿ ಸ್ವಲ್ಪ ಚಪ್ಪಟೆ ಮಾಡ್ಕೊಂಡ್ರೆ ಆ ಚಾಳಿ ನಿಲ್ಲುತ್ತೆ. ಶೀಟನ್ನ ಮರದ ಹಲಗೆ ಮೇಲಿಟ್ಟು ಎರಡನ್ನೂ ಸೇರಿಸಿ ಕ್ಲ್ಯಾಂಪ್ ಮಾಡಬೇಕು, ಕೈಲಿ ಹಿಡಿದ ಶೀಟ್ ತಿರುಗಿದ್ರೆ ಅದು ಬ್ಲೇಡೇ. ಮತ್ತೆ ಗ್ಲೌಸ್. ಚಿಪ್ಸ್ ಬಿಸಿ ಇರುತ್ತೆ ಅಂತ ಗ್ಲೌಸ್ ಹಾಕ್ಕೊಂಡು ಡ್ರಿಲ್ ಹತ್ರ ಬರೋರಿದ್ದಾರೆ, ಸೇಫ್ಟಿ ಅಂತ ಹೇಳಿ ಮಾಲೀಕರೇ ಹಾಕ್ಕೋ ಅಂತ ಕೊಡೋದೂ ಇದೆ. ತಿರುಗೋ ಡ್ರಿಲ್ಲಿಗೆ ಬರೀ ಚರ್ಮ ತಾಗಿದ್ರೆ ಗಾಯ ಆಗುತ್ತೆ, ಗ್ಲೌಸಿನ ದಾರ ಸಿಕ್ಕಿದ್ರೆ ಕೈಯನ್ನೇ ಸುತ್ತಿ ಒಳಗೆ ಎಳ್ಕೊಳ್ಳುತ್ತೆ. ಚಿಪ್ಸ್ ತೆಗೆಯೋಕೆ ಬ್ರಷ್ ಇದೆ, ಅದೂ ಮಷೀನ್ ನಿಂತ ಮೇಲೆ.

ಎಲ್ಲಾ ಮಾಡಿಯೂ ಕಚ್ಕೊಂಡೇಬಿಡ್ತು ಅಂದ್ರೆ ಹಿಡಿಯೋಕೆ ಹೋಗಬೇಡಿ. ಇದನ್ನ ನಾನು ಹುಡುಗರಿಗೆ ಬಾಯಿಪಾಠ ಮಾಡಿಸ್ತೀನಿ, ಫೀಡ್ ಹ್ಯಾಂಡಲ್ ಬಿಡು, ಹಿಂದಕ್ಕೆ ಸರಿ, ಸ್ಟಾಪ್ ಬಟನ್ ಹೊಡಿ. ಜಾಬ್ ಹಾಳಾದ್ರೆ ಹಾಳಾಗಲಿ, ಡ್ರಿಲ್ ಮುರಿದ್ರೆ ಮುರೀಲಿ. ಕೆಲಸದಲ್ಲಿ ನಿಯತ್ತಿರೋ ಹುಡುಗನಿಗೇ ಇದು ಕಷ್ಟ, ಜಾಬ್ ಹೋದ್ರೆ ಬೈತಾರೆ ಅನ್ನೋ ಭಯಕ್ಕೆ ಕೈ ತಾನಾಗಿ ಮುಂದೆ ಹೋಗುತ್ತೆ. ಆ ಭಯ ಹುಟ್ಟಿಸಿದ್ದು ಯಾರು ಅಂತ ಸೂಪರ್‌ವೈಸರುಗಳು ಯೋಚನೆ ಮಾಡಬೇಕು.

ಇಲ್ಲಿ ನನ್ನ ಮುಖ್ಯ ಮಾತು ಹೇಳ್ಬಿಡ್ತೀನಿ. ಡ್ರಿಲ್ ಹತ್ರ ಬೋಲ್ಟ್ ಹಾಕದೇ ಇರೋದು ಸೋಮಾರಿತನ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಹೋಗಿ ನೋಡಿ, ಎಷ್ಟು ಡ್ರಿಲ್ಲಿಂಗ್ ಮಷೀನ್ ಹತ್ರ ಆ ಟೇಬಲ್ಲಿನ ಸ್ಲಾಟಿಗೆ ಸರಿಹೊಂದೋ ಟಿ-ಬೋಲ್ಟ್, ವಾಷರ್, ಸ್ಪಾನರ್ ಇಟ್ಟಿದ್ದಾರೆ ಅಂತ. ಸ್ಟೋರಿಗೆ ಹೋಗಿ ಕೇಳಬೇಕು, ಸ್ಟೋರಲ್ಲಿ ಇದ್ರೆ ಉದ್ದ ಸಾಲಲ್ಲ, ಉದ್ದ ಸಾಕಿದ್ರೆ ನಟ್ ಇರಲ್ಲ, ಅಷ್ಟರಲ್ಲಿ ಫೋರ್‌ಮನ್ "ಎರಡು ತೂತಿಗೆ ಎಷ್ಟೊತ್ತಯ್ಯಾ" ಅಂತ ಕೂಗ್ತಾರೆ. ಹತ್ತು ನಿಮಿಷ ಹುಡುಕಿದ್ರೆ ಸಿಗೋ ಬೋಲ್ಟನ್ನ ಯಾರೂ ಹಾಕಲ್ಲ, ಕೈ ಚಾಚಿದ್ರೆ ಸಿಗೋ ಬೋಲ್ಟನ್ನ ಎಲ್ಲರೂ ಹಾಕ್ತಾರೆ. ಪ್ರತಿ ಡ್ರಿಲ್ಲಿಗೂ ಅದರದ್ದೇ ಎರಡು ಬೋಲ್ಟ್ ಒಂದು ಸ್ಪಾನರ್, ಮಷೀನ್ ಪಕ್ಕದ ಗೋಡೇಲಿ ಒಂದು ಹುಕ್ಕು, ಬೇರೆ ಮಷೀನಿನವರು ತಗೊಂಡು ಹೋಗದ ಹಾಗೆ ಬಣ್ಣ ಹಚ್ಚಿರಬೇಕು. ಸ್ಪಾನರನ್ನ ಚೈನಲ್ಲಿ ಕಟ್ಟಿಡೋದು ಮಾತ್ರ ಬೇಡ, ತಿರುಗೋ ಸ್ಪಿಂಡಲ್ ಹತ್ರ ಚೈನ್ ನೇತಾಡೋದು ಇನ್ನೊಂದು ಅಪಾಯ. ಇದನ್ನ ಮಾಡದ ಶಾಪಲ್ಲಿ ಪೆಟ್ಟಾದ್ರೆ ನಿರ್ಲಕ್ಷ್ಯ ಯಾರದ್ದು? ಸಂಪಾದಕರೇ, ನಿಮ್ಮ ವರದಿಗಾರರಿಗೆ ನನ್ನ ಕೋರಿಕೆ ಇಷ್ಟೇ, ಇಂಥ ಸುದ್ದಿ ಬಂದಾಗ ಒಂದು ಪ್ರಶ್ನೆ ಜಾಸ್ತಿ ಕೇಳಿ, ವೈಸನ್ನ ಟೇಬಲ್ಲಿಗೆ ಬಿಗಿದಿದ್ರಾ, ಬಿಗಿಯೋಕೆ ಬೇಕಾದ್ದು ಅಲ್ಲಿತ್ತಾ ಅಂತ. ಉತ್ತರ ಏನೇ ಬರಲಿ ಅದನ್ನ ಒಂದು ಸಾಲು ಬರೀರಿ.

ಇನ್ನು ಮಿಲ್ಲಿಂಗ್, ಅಂದ್ರೆ ತಿರುಗೋ ಹಲ್ಲಿನ ಕಟರಲ್ಲಿ ಜಾಬನ್ನ ಕೆತ್ತೋ ಕೆಲಸ. ಇಲ್ಲಿ ವೈಸ್ ಟೇಬಲ್ಲಿಗೆ ಬೋಲ್ಟ್ ಆಗಿರುತ್ತೆ, ಅದರಲ್ಲಿ ತಪ್ಪು ಕಮ್ಮಿ, ತಪ್ಪಾಗೋದು ಜಾಬ್ ಹಿಡಿಯೋದರಲ್ಲಿ. ವೈಸಿನ ಹಿಡಿತ ಎಷ್ಟು ಅಂತ ಅಂದಾಜು ಇಟ್ಕೊಳ್ಳೋದು ಒಳ್ಳೇದು. 25 ಸೆಂಟಿಮೀಟರ್ ಉದ್ದದ ಹ್ಯಾಂಡಲನ್ನ 20 ಕೆಜಿ ಜೋರಲ್ಲಿ ಎಳೆದ್ರೆ, ಸ್ಕ್ರೂ ಒಂದು ಸುತ್ತಿಗೆ 5 ಎಂಎಂ ಮುಂದೆ ಹೋಗೋದಾದ್ರೆ, ಲೆಕ್ಕದ ಪ್ರಕಾರ 6 ಟನ್ ಮೇಲೆ ಬರಬೇಕು, ಆದ್ರೆ ಸ್ಕ್ರೂವಿನ ಘರ್ಷಣೇಲೇ ಬಹುಪಾಲು ಹೋಗಿ ಐದನೇ ಒಂದು ಭಾಗ ಉಳೀತು ಅಂತಿಟ್ಕೊಂಡ್ರೆ ಸುಮಾರು ಒಂದೂಕಾಲು ಟನ್ ಜಾಬಿನ ಮೇಲೆ ಬೀಳುತ್ತೆ. ಸ್ಕ್ರೂಗೆ ಗ್ರೀಸ್ ಇಲ್ಲದೇ ತುಕ್ಕು ಚಿಪ್ಸ್ ತುಂಬಿದ್ರೆ ಇನ್ನೂ ಕಮ್ಮಿ, ಕೈಗೆ ಮಾತ್ರ ಟೈಟ್ ಆದ ಹಾಗೇ ಅನ್ಸುತ್ತೆ, ಅದೇ ಮೋಸ. ಒಂದೂಕಾಲು ಟನ್ ಅಂದ್ರೆ ಬೇಕಾದಷ್ಟಾಯ್ತು ಅನ್ಸುತ್ತಲ್ಲ, ಆದ್ರೆ ಜಾಬ್ ಪಕ್ಕಕ್ಕೋ ಮೇಲಕ್ಕೋ ಜಾರದ ಹಾಗೆ ತಡೆಯೋದು ಆ ಒತ್ತಡ ಅಲ್ಲ, ಅದರಿಂದ ಹುಟ್ಟೋ ಘರ್ಷಣೆ, ನುಣುಪು ಜಾ ಮೇಲೆ ಕಟರನ್ನ ತಣ್ಣಗಿಡೋ ಕೂಲಂಟ್ ಎಣ್ಣೆ ಇದ್ರೆ ಅದು ಒತ್ತಡದ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ, ಎರಡೂ ಜಾ ಸೇರಿ 250 ಕೆಜಿ ಅಷ್ಟೇ. ಈ ಕಡೆ 2 ಎಚ್‌ಪಿ ಮಷೀನಲ್ಲಿ 80 ಎಂಎಂ ಫೇಸ್ ಕಟರ್ (ಮುಖ ಸಪಾಟು ಮಾಡೋ ಕಟರ್) 200 ಸುತ್ತಲ್ಲಿ ತನ್ನ ಪೂರ್ತಿ ಜೋರು ಹಾಕಿದ್ರೆ ಅಂಚಲ್ಲಿ ಹತ್ತಿರಹತ್ತಿರ 180 ಕೆಜಿ ತಳ್ಳುತ್ತೆ, ಅದೂ ಒಂದೇ ಸಮ ಅಲ್ಲ, ಹಲ್ಲು ಹಲ್ಲಿಗೂ ಏಟು ಏಟಾಗಿ. ಹ್ಯಾಂಡಲನ್ನ ಅರ್ಧ ಮನಸ್ಸಲ್ಲಿ ಎಳೆದಿದ್ರೆ ಜಾಬ್ ಹಾರೋದ್ರಲ್ಲಿ ಆಶ್ಚರ್ಯ ಏನಿದೆ.

ಅದಕ್ಕೇ ಕಟರಿನ ತಳ್ಳು ಫಿಕ್ಸೆಡ್ ಜಾ ಮೇಲೆ ಬೀಳೋ ಹಾಗೆ ಸೆಟ್ ಮಾಡಿ ಅಂತ ಹೇಳೋದು. ಫಿಕ್ಸೆಡ್ ಜಾ ವೈಸಿನ ಬಾಡಿಯ ಭಾಗ, ಅದು ಸರಿಯೋದಿಲ್ಲ, ಅಲ್ಲಿ ಘರ್ಷಣೆ ಲೆಕ್ಕವೇ ಬೇಡ. ಸ್ಕ್ರೂ ತಳ್ಳೋ ಮೂವಬಲ್ ಜಾ ಕಡೆಗೆ ತಳ್ಳು ಬಿದ್ರೆ ಅದನ್ನ ತಡೆಯೋದು ಸ್ಕ್ರೂ ಮತ್ತೆ ನಟ್ ಮಾತ್ರ, ಅವುಗಳಲ್ಲಿ ಆಟ, ಅಂದ್ರೆ ಸಡಿಲ, ಇದ್ದೇ ಇರುತ್ತೆ. ಹಳೇ ಮ್ಯಾನ್ಯುಯಲ್ ಮಷೀನಲ್ಲಿ ಟೇಬಲ್ ಸ್ಕ್ರೂಗೂ ಇಂಥದೇ ಸಡಿಲ, ಬ್ಯಾಕ್‌ಲ್ಯಾಶ್ ಅನ್ನೋದು ಇರುತ್ತೆ, ಅಂಥದ್ದರಲ್ಲಿ ಕ್ಲೈಂಬ್ ಮಿಲ್ಲಿಂಗ್, ಅಂದ್ರೆ ಕಟರ್ ಹಲ್ಲು ಹೋಗೋ ದಿಕ್ಕಿಗೇ ಜಾಬನ್ನ ಸರಿಸಿ ಕತ್ತರಿಸೋದು, ಮಾಡಿದ್ರೆ ಕಟರ್ ಟೇಬಲ್ ಸಮೇತ ಜಾಬನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಒಂದೇ ಏಟಿಗೆ ಹಲ್ಲಿಗೆ ತಡೆಯಲಾಗದಷ್ಟು ಲೋಹ ಸಿಗುತ್ತೆ, ಕಟರ್ ಮುರಿಯುತ್ತೆ ಇಲ್ಲ ಜಾಬ್ ಕಿತ್ತು ಬರುತ್ತೆ.

ಜಾಬನ್ನ ಕೂರಿಸೋ ಕ್ರಮ ನೋಡಿ. ಮೊದಲು ಟೇಬಲ್, ವೈಸ್ ತಳ, ಜಾ, ಪ್ಯಾರಲಲ್ (ಜಾಬಿನ ಅಡಿಗೆ ಇಡೋ ಒಂದೇ ಎತ್ತರದ ಜೋಡಿ ಪಟ್ಟಿ) ಎಲ್ಲ ಒರೆಸಿ ಬೆರಳಲ್ಲಿ ಸವರಿ ನೋಡಬೇಕು, ಕಣ್ಣಿಗೆ ಕಾಣದ ಚಿಪ್ಸ್ ಬೆರಳಿಗೆ ಸಿಗುತ್ತೆ. ಜಾಬಿನ ಬರ್, ಅಂದ್ರೆ ಅಂಚಲ್ಲಿ ಎದ್ದಿರೋ ಮುಳ್ಳು, ಅರದಲ್ಲಿ ತೆಗೀಬೇಕು. ಟೈಟ್ ಮಾಡೋವಾಗ ಮೂವಬಲ್ ಜಾ ಸ್ವಲ್ಪ ಮೇಲಕ್ಕೆ ಏಳುತ್ತೆ, ಯಾಕಂದ್ರೆ ಸ್ಕ್ರೂ ಕೆಳಗಿದೆ ಜಾಬ್ ಮೇಲಿದೆ, ಅದರ ಜೊತೆ ಜಾಬೂ ಎದ್ದು ಪ್ಯಾರಲಲ್ ಸಡಿಲ ಆಗುತ್ತೆ. ಅದಕ್ಕೆ ಟೈಟ್ ಮಾಡಿದ ಮೇಲೆ ನೈಲಾನ್ ಅಥವಾ ತಾಮ್ರದ ಸುತ್ತಿಗೇಲಿ ಜಾಬನ್ನ ಬಡಿದು ಕೂರಿಸೋದು, ಎರಡೂ ಪ್ಯಾರಲಲನ್ನ ಬೆರಳಲ್ಲಿ ಅಲ್ಲಾಡಿಸಿ ನೋಡೋದು, ಎರಡೂ ಜರುಗದೇ ಇದ್ರೆ ಸರಿಯಾಗಿ ಕೂತಿದೆ. ಬಡಿದ ಮೇಲೆ ಮತ್ತೆ ಹ್ಯಾಂಡಲ್ ಎಳೆಯಬೇಡಿ, ಎಳೆದ್ರೆ ಮತ್ತೆ ಏಳುತ್ತೆ. ಬಡಿದಾಗ ಬರೋ ಸದ್ದಲ್ಲೂ ಗೊತ್ತಾಗುತ್ತೆ, ಕೂತಿದ್ರೆ ಗಟ್ಟಿ ಸದ್ದು, ಕೂರದಿದ್ರೆ ಟೊಳ್ಳು ಸದ್ದು.

ಜಾಬ್ ಜಾ ಮಧ್ಯದಲ್ಲಿ ಇರಬೇಕು. ಸಣ್ಣ ಜಾಬನ್ನ ಜಾದ ಒಂದು ತುದೀಲಿ ಹಿಡಿದ್ರೆ ಮೂವಬಲ್ ಜಾ ಸೊಟ್ಟ ಆಗಿ ಒಂದು ಮೂಲೇಲಿ ಮಾತ್ರ ಕಚ್ಚುತ್ತೆ, ಬೇರೆ ದಾರಿ ಇಲ್ಲ ಅಂದ್ರೆ ಇನ್ನೊಂದು ತುದೀಲಿ ಅಷ್ಟೇ ದಪ್ಪದ ಪ್ಯಾಕಿಂಗ್ ಇಡಬೇಕು. ಗ್ಯಾಸ್ ಕಟ್ ಮಾಡಿದ್ದು, ಎರಕದ್ದು, ಒರಟು ಮುಖ ಇದ್ರೆ ಮೂವಬಲ್ ಜಾ ಕಡೆ ಒಂದು ದುಂಡು ರಾಡ್ ಅಡ್ಡ ಇಟ್ಟು ಟೈಟ್ ಮಾಡಿದ್ರೆ ಒಳ್ಳೇ ಮುಖ ಫಿಕ್ಸೆಡ್ ಜಾಗೆ ಪೂರ್ತಿ ಅಂಟ್ಕೊಳ್ಳುತ್ತೆ. ಉರುಳೆ ಜಾಬನ್ನ ಸಪಾಟು ಜಾದಲ್ಲಿ ಹಿಡೀಲೇಬಾರದು, ಹಿಡಿತ ಎರಡು ಗೆರೆಯಷ್ಟೇ ಇರುತ್ತೆ, ಕಟರ್ ತಾಗಿದ ತಕ್ಷಣ ಸುತ್ತುತ್ತೆ, ವಿ-ಬ್ಲಾಕ್ ಇಲ್ಲಾಂದ್ರೆ ವಿ ಕೊರೆದಿರೋ ಜಾ ಬೇಕು. ಜಾ ಮೇಲೆ ಚಾಚಿರೋದು ಒಳಗೆ ಹಿಡಿದಿರೋದಕ್ಕಿಂತ ಜಾಸ್ತಿ ಆದಷ್ಟೂ ಕಟರ್ ಅದನ್ನ ಬುಡಮೇಲು ಮಾಡೋದು ಸುಲಭ, ಅಂಥ ಜಾಬಿಗೆ ಕಟ್ ಕಮ್ಮಿ ತಗೊಳ್ಳಿ ಇಲ್ಲ ಹಿಡಿಯೋ ರೀತಿ ಬದಲಾಯಿಸಿ.

ಹ್ಯಾಂಡಲ್! ಟೈಟ್ ಮಾಡಿ ವೈಸಲ್ಲೇ ಹ್ಯಾಂಡಲ್ ಬಿಟ್ಟು ಮಷೀನ್ ಆನ್ ಮಾಡೋದು ಎಲ್ಲಾ ಕಡೆ ಇರೋ ಕೆಟ್ಟ ಚಾಳಿ. ನಡುಕಕ್ಕೆ ಅದು ಕಳಚಿ ಕಾಲ ಮೇಲೆ ಬೀಳಬಹುದು, ಟೇಬಲ್ ಸರಿದಾಗ ಮಷೀನಿಗೆ ತಾಗಬಹುದು, ಕಂಪ್ಯೂಟರ್ ನಡೆಸೋ ಸಿಎನ್‌ಸಿಯಲ್ಲಿ ರ‍್ಯಾಪಿಡ್‌ನಲ್ಲಿ ಅತಿ ವೇಗವಾಗಿ ಬರೋ ಸ್ಪಿಂಡಲ್ಲಿಗೋ ಡೋರಿಗೋ ಬಡಿದ್ರೆ ಅದರ ಸದ್ದು ಕೇಳಿದೋರು ಮರೆಯಲ್ಲ. ಹ್ಯಾಂಡಲ್ಲಿಗೆ ಪೈಪ್ ತೂರಿಸಿ ಎಳೆಯೋದು, ಸುತ್ತಿಗೇಲಿ ಬಡಿಯೋದು ಇವೆರಡೂ ಬೇಡವೇ ಬೇಡ, ಪೈಪ್ ಉದ್ದ ಎರಡರಷ್ಟಾದ್ರೆ ಬಲವೂ ಎರಡರಷ್ಟು, ನಟ್ಟಲ್ಲಿ ಬಿರುಕು ಬೀಳುತ್ತೆ, ಪೈಪ್ ಜಾರಿದ್ರೆ ಎಳೀತಿದ್ದೋನು ಹಿಂದಕ್ಕೆ ಬೀಳ್ತಾನೆ. ಹಿಡಿತ ಸಾಲಲ್ಲ ಅಂದ್ರೆ ವೈಸ್ ಚಿಕ್ಕದು ಅಂತ ಅರ್ಥ. ಎಣ್ಣೆಯ ಒತ್ತಡದಲ್ಲಿ ಹಿಡಿಯೋ ಹೈಡ್ರಾಲಿಕ್ ವೈಸ್ ಇರೋ ಕಡೆ ಪ್ರೆಶರ್ ಬೀಳೋದೇ ಅಪಾಯ, ಪ್ರೆಶರ್ ಕಮ್ಮಿ ಆದ್ರೆ ಸ್ಪಿಂಡಲ್ ತಾನೇ ನಿಲ್ಲೋ ಇಂಟರ್‌ಲಾಕ್ ಇರುತ್ತೆ, ಅದನ್ನ ಬೈಪಾಸ್ ಮಾಡಿ ಓಡಿಸೋರಿಗೆ ನನ್ನ ಹತ್ರ ಒಳ್ಳೇ ಮಾತಿಲ್ಲ.

ವೈಸನ್ನ ಎತ್ತಿಡೋದೂ ಒಂದು ಕೆಲಸವೇ. 6 ಇಂಚಿನ ಮಿಲ್ಲಿಂಗ್ ವೈಸ್ ಸ್ವಿವೆಲ್ ಬೇಸ್ (ವೈಸನ್ನ ಕೋನಕ್ಕೆ ತಿರುಗಿಸೋ ಅಡಿಪೀಠ) ಸಮೇತ 30-40 ಕೆಜಿ ತೂಗುತ್ತೆ, ಅದನ್ನ ಒಬ್ಬನೇ ಬಗ್ಗಿ ಎತ್ತಿ ಕೈ ಚಾಚಿ ಟೇಬಲ್ ನಡುವೆ ಇಡೋಕೆ ಹೋಗಿ ಸೊಂಟ ಹಿಡ್ಕೊಂಡೋರು, ಇಡೋವಾಗ ಬೆರಳು ಕೆಳಗೆ ಸಿಕ್ಕಿಸ್ಕೊಂಡೋರು ಎಲ್ಲಾ ಶಾಪಲ್ಲೂ ಇದ್ದಾರೆ. ಇಬ್ಬರು ಸೇರಿ ಎತ್ತಿ, ಹಾಯಿಸ್ಟ್ ಇದ್ರೆ ಅದನ್ನ ಬಳಸಿ. ಕೋನ ಬೇಕಾಗದ ಕೆಲಸಕ್ಕೆ ಸ್ವಿವೆಲ್ ಬೇಸ್ ತೆಗೆದಿಟ್ರೆ ಭಾರವೂ ಕಮ್ಮಿ, ವೈಸೂ ಗಟ್ಟಿ ಕೂರುತ್ತೆ.

ಬೆಂಚ್ ವೈಸ್ ಬಗ್ಗೆ ಹೇಳದೇ ಬಿಟ್ರೆ ಫಿಟ್ಟರ್ ಅಣ್ಣಂದಿರು ಬೇಜಾರು ಮಾಡ್ಕೊಳ್ತಾರೆ. ಇಲ್ಲಿ ಕರೆಂಟ್ ಇಲ್ಲ, ತಿರುಗೋದು ಇಲ್ಲ, ಆದ್ರೂ ಪೆಟ್ಟಾಗುತ್ತೆ. ವೈಸಿನ ಜಾ ನಿಂತಿರೋನ ಮೊಣಕೈ ಎತ್ತರಕ್ಕಿರಬೇಕು, ಕಾಲು ಗಟ್ಟಿ ಇರೋ ಬೆಂಚಿನ ಮೇಲೆ, ಬೋಲ್ಟ್ ಹಲಗೆ ತೂರಿ ಹೋಗಿ ಕೆಳಗೆ ವಾಷರ್ ನಟ್ ಇರಬೇಕು, ಮರದ ಸ್ಕ್ರೂ ಹಾಕಿ ಕೂರಿಸಿದ ವೈಸ್ ಯಾವತ್ತಿದ್ರೂ ಕಿತ್ತು ಬರೋದೇ. ಫಿಕ್ಸೆಡ್ ಜಾ ಬೆಂಚಿನ ಅಂಚಿಗಿಂತ ಒಂಚೂರು ಹೊರಗಿದ್ರೆ ಉದ್ದ ಜಾಬನ್ನ ನೆಟ್ಟಗೆ ಇಳಿಬಿಟ್ಟು ಹಿಡೀಬಹುದು. ಹೆಚ್ಚಿನ ಬೆಂಚ್ ವೈಸುಗಳ ಬಾಡಿ ಬೀಡು ಕಬ್ಬಿಣದ್ದು, ಅದಕ್ಕೆ ಅದುಮೋದು ತಡ್ಕೊಳ್ಳೋ ಶಕ್ತಿ ಚೆನ್ನಾಗಿದೆ ಏಟು ತಡ್ಕೊಳ್ಳೋ ಶಕ್ತಿ ಇಲ್ಲ, ಬಾಗದೇ ನೇರ ಒಡೆಯುತ್ತೆ. ಚಾಣದ ಏಟು ಬೀಳೋದಾದ್ರೆ ಫಿಕ್ಸೆಡ್ ಜಾ ಕಡೆಗೇ ಬೀಳಬೇಕು. ಗಟ್ಟಿ ಮಾಡಿರೋ ಜಾ ಪ್ಲೇಟಿನ ಮೇಲೆ ನೇರ ಸುತ್ತಿಗೆ ಬಿದ್ರೆ ಚೂರು ಹಾರಿ ಕಣ್ಣಿಗೆ ಬರುತ್ತೆ. ಬೇರಿಂಗನ್ನ ವೈಸಲ್ಲಿ ಅದುಮಿ ಕೂರಿಸೋದು, ಬಿಚ್ಚೋದು ಇನ್ನೂ ಅಪಾಯ, ಬೇರಿಂಗ್ ರೇಸ್, ಅಂದ್ರೆ ಅದರ ಉಕ್ಕಿನ ಬಳೆ, ಗಾಜಿನಷ್ಟು ಗಡಸು, ಒಡೆದ್ರೆ ಯಾವ ದಿಕ್ಕಿಗೆ ಹಾರುತ್ತೆ ಅಂತ ಹೇಳೋಕಾಗಲ್ಲ, ಅದಕ್ಕೆ ಒತ್ತೋ ಪ್ರೆಸ್ ಮಷೀನ್ ಇದೆ.

ಸಣ್ಣ ಗಾಯಗಳ ಲೆಕ್ಕಕ್ಕೆ ಬಂದ್ರೆ ಬೆಂಚ್ ವೈಸ್ ಹ್ಯಾಂಡಲ್ ಅನ್ನೋದು ದಿನಾ ಕಚ್ಚುತ್ತೆ. ಹ್ಯಾಂಡಲ್ ನೆಟ್ಟಗೆ ನಿಂತಾಗ ಬಿಟ್ರೆ ಅದು ತೂತಲ್ಲಿ ಸರ್ರನೆ ಜಾರಿ ಅದರ ಗುಂಡಿನ ತುದಿ ಬಂದು ಬೀಳುತ್ತಲ್ಲ, ಹೆಬ್ಬೆರಳು ತೋರುಬೆರಳ ನಡುವಿನ ಚರ್ಮ ಅಲ್ಲೇ ಸಿಕ್ಕಿಕೊಂಡು ರಕ್ತ ಹೆಪ್ಪುಗಟ್ಟುತ್ತೆ. ಹ್ಯಾಂಡಲ್ಲಿನ ಎರಡೂ ತುದೀಲಿ ಒಂದೊಂದು ರಬ್ಬರ್ ರಿಂಗ್ ಹಾಕಿಬಿಟ್ರೆ ಈ ಕಾಟ ಮುಗೀತು. ಜಾ ಪೂರ್ತಿ ಹೊರಗೆ ಬಿಚ್ಚೋವಾಗ ಒಂದು ಕೈ ಕೆಳಗಿರಲಿ, ಕೊನೇ ಸುತ್ತಲ್ಲಿ ನಟ್ಟಿಂದ ಕಳಚಿ ಆ ಇಡೀ ಮೂವಬಲ್ ಜಾ ಪಾದದ ಮೇಲೆ ಬೀಳುತ್ತೆ. ಬಿರುಕು ಬಿಟ್ಟ ವೈಸಿಗೆ ವೆಲ್ಡಿಂಗ್ ಹಾಕಿ ಬಳಸೋರಿದ್ದಾರೆ, ಬೀಡು ಕಬ್ಬಿಣಕ್ಕೆ ಮಾಮೂಲಿ ವೆಲ್ಡಿಂಗ್ ಮೇಲ್ನೋಟಕ್ಕೆ ಹಿಡಿದ ಹಾಗಿರುತ್ತೆ, ಪಕ್ಕದಲ್ಲೇ ಮತ್ತೆ ಸೀಳುತ್ತೆ. ಅಂಥ ವೈಸನ್ನ ಗುಜರಿಗೆ ಹಾಕಿ, ಹಾಕೋ ಮುಂಚೆ ಸ್ಕ್ರೂ ಬಿಚ್ಚಿ ತೆಗೀರಿ, ಇಲ್ಲಾಂದ್ರೆ ಅದು ಬಣ್ಣ ಬಳ್ಕೊಂಡು ಇನ್ನೊಬ್ಬರ ಬೆಂಚಿಗೆ ಬಂದು ಕೂರುತ್ತೆ.

ಕೊನೇದಾಗಿ ಕಲಿಸೋರಿಗೆ ಒಂದು ಮಾತು. ಟ್ರೈನಿಂಗ್ ಕೊಡೋ ಕಡೆ ಪ್ರಾಕ್ಟಿಕಲ್ ಪರೀಕ್ಷೇಲಿ ಹುಡುಗರು ಮಾಡಿದ ಜಾಬನ್ನ ವರ್ನಿಯರ್ ಹಿಡಿದು ಅಳೆದು ಮಾರ್ಕ್ಸ್ ಕೊಡ್ತಾರೆ, ಅಳತೆ ಸರಿ ಬಂತಾ, ಫಿನಿಶ್ ಬಂತಾ, ಅಷ್ಟೇ. ಆ ಜಾಬನ್ನ ಅವನು ಹೇಗೆ ಹಿಡಿದಿದ್ದ ಅನ್ನೋದು ಅಳತೇಲಿ ಕಾಣಲ್ಲ, ಕೈಲಿ ಹಿಡಿದು ತೂತು ಹೊಡೆದೋನಿಗೂ ಬೋಲ್ಟ್ ಹಾಕಿ ಹೊಡೆದೋನಿಗೂ ಒಂದೇ ಮಾರ್ಕ್ಸ್, ಮೊದಲನೆಯೋನು ಬೇಗ ಮುಗಿಸಿ ಜಾಣ ಅನ್ನಿಸ್ಕೊಳ್ತಾನೆ. ಸೆಟ್ಟಿಂಗಿಗೇ ಬೇರೆ ಮಾರ್ಕ್ಸ್ ಇಡಿ. ಸ್ವಿಚ್ ಒತ್ತೋ ಮುಂಚೆ ಪರೀಕ್ಷಕರು ಬಂದು ವೈಸನ್ನ ಕೈಲಿ ಅಲ್ಲಾಡಿಸಿ ನೋಡಲಿ, ಪ್ಯಾರಲಲ್ ಮುಟ್ಟಿ ನೋಡಲಿ, ಹ್ಯಾಂಡಲ್ ತೆಗೆದಿದ್ದಾನಾ, ಉದ್ದ ತುದಿ ಎಡಕ್ಕಿದೆಯಾ ನೋಡಲಿ, ಸರಿ ಇಲ್ಲಾಂದ್ರೆ ಆ ಹುಡುಗ ಮಷೀನ್ ಆನ್ ಮಾಡೋ ಹಾಗಿಲ್ಲ, ಮೊದಲಿಂದ ಸೆಟ್ ಮಾಡಬೇಕು. ಇದಕ್ಕೆ ಹೊಸ ಮಷೀನ್ ಬೇಡ, ದುಡ್ಡು ಬೇಡ, ಮುಂದಿನ ಬ್ಯಾಚಿಂದಲೇ ಶುರು ಮಾಡಬಹುದು.

ಇಂತಿ,
ಒಬ್ಬ ಮಷಿನಿಸ್ಟ್